ನಾನು ಕೂಗದ ಕೂಗು

ಇಂಥ ಕತೆಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ಎದ್ದು ಹೋಗುತ್ತಿದ್ದವಳು ನಾನು. ಅದು ಸೊಕ್ಕು ಎಂದು ನಮ್ಮ ಓಣಿಯವರು ಅನ್ನುತ್ತಿದ್ದರು, ಇದ್ದರೂ ಇರಬಹುದು. ನಮ್ಮದು ಬೌದ್ಧ ಮನೆತನ. ದೆವ್ವ, ದೃಷ್ಟಿ, ನಾಗದೋಷ ಎಂಬ ಮಾತುಗಳನ್ನು ಮನೆಯೊಳಗೆ ತಂದರೆ ಅಪ್ಪ ನಕ್ಕು ಹೊರಗೆ ಹಾಕುತ್ತಿದ್ದರು. ಮೇಲಾಗಿ ನಾನು ಬೀದರದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಇಷ್ಟು ಹೊತ್ತಿಗೆ ಪುಟ ಮಗುಚಿರುತ್ತಿದ್ದೆ.

ಅಪ್ಪನ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ನಮ್ಮೂರು ಸಂತಪುರ. ಅಲ್ಲಿ ದೀಪ ಹಚ್ಚಿದ ಮೇಲೆ ಹಿಂದಿನಿಂದ ಯಾರಾದರೂ ಕರೆದರೆ ಜನ ಮೊದಲ ಕೂಗಿಗೆ ಓಗೊಡುವುದಿಲ್ಲ, ತಿರುಗಿಯೂ ನೋಡುವುದಿಲ್ಲ. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ, ಬೇರೆ ಏನಾದರೂ ಆಗಿದ್ದರೆ ಒಂದೇ ಸಲ ಎಂಬ ನಂಬಿಕೆ. ಹಾಗಾಗಿ ಕೇಳಿಸಿದರೂ ಕೇಳಿಸದವರಂತೆ ನಡೆದೇ ಹೋಗುತ್ತಾರೆ. ಅಪ್ಪ ಮಾತ್ರ ಇದಕ್ಕೆ ಸೊಪ್ಪು ಹಾಕಿದವರಲ್ಲ. ದುಡಿಯುವಷ್ಟು ಕಾಲವೂ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು ಅವರು. "ಮೂರು ಸಲ ಕೂಗೂತನಕ ಕಾದ್ರ ಪ್ಯಾಸೆಂಜರ್ ಗಾಲಿ ಕೆಳಗ ಹೋಗಿರ್ತಾನ" ಎಂದು ಎಲ್ಲರನ್ನೂ ಚುಡಾಯಿಸುತ್ತಿದ್ದರು. ಅವರನ್ನು ಯಾವ ಹೊತ್ತಿನಲ್ಲಿ ಯಾರೇ ಕರೆದರೂ ಮೊದಲ ಕೂಗಿಗೇ ನಿಂತು, ತಿರುಗಿ, "ಓ" ಅನ್ನುತ್ತಿದ್ದರು.

ಇನ್ನು ನಾಯಿ. ನಾನು ಗಂಡನೊಂದಿಗೆ ಇರುವುದು ಬೀದರದ ಅಂಚಿನ ನೌಬಾದದಲ್ಲಿ. ನಮ್ಮ ಮನೆ ದಾಟಿದರೆ ಕೆಂಪು ಕಲ್ಲಿನ ಬಯಲು, ಜಾಲಿ ಕಂಟಿ, ಕಲ್ಲಿನ ಸಂದು. ಹಾವುಗಳಿಗೆ ಬೇಕಾದ್ದೆಲ್ಲ ಅಲ್ಲಿದೆ. ಪಕ್ಕದ ಮನೆಯವರ ನಾಯಿ ಒಂದು ಸಂಜೆ ಕಲ್ಲಿನ ಸಂದಿಗೆ ಮೂಗು ತೂರಿಸಿ ಕೊಳಕುಮಂಡಲದಿಂದ ಕಚ್ಚಿಸಿಕೊಂಡಿತು. ಮುಖವೆಲ್ಲ ಬಾತು, ಉಸಿರು ಸಿಗದೆ, ಎಲ್ಲರ ಕಣ್ಣೆದುರೇ ಸತ್ತಿತು. ನಮ್ಮ ಶೇರು ಆಗಿನ್ನೂ ಮರಿ. ಹೆಸರಿಗೆ ಸಿಂಹ, ಪಟಾಕಿ ಹೊಡೆದರೆ ಮಂಚದ ಕೆಳಗೆ ಹೋಗುವ ಬೀದಿ ನಾಯಿ. ಆದರೂ ನನಗೆ ಅದರ ಮೇಲೆ ಜೀವ. ಅಂದಿನಿಂದ ಹೆದರಿಕೆ ನನ್ನನ್ನು ಬಿಡಲಿಲ್ಲ.

ದನದ ಡಾಕ್ಟರರನ್ನು ಕೇಳಿ ಕೆಲವು ನಿಯಮ ಮಾಡಿಕೊಂಡೆ. ಹಗ್ಗ ಮೊಳದಷ್ಟೇ ಇರಬೇಕು. ದಾರಿಯ ನಡುವೆಯೇ ನಡೆಯಬೇಕು, ಹುಲ್ಲು, ಕಲ್ಲುಗುಡ್ಡೆ, ಕಟ್ಟಿಗೆ ರಾಶಿಯ ಹತ್ತಿರ ಹೋಗಕೂಡದು. ಮಬ್ಬಾದರೆ ಬ್ಯಾಟರಿ ಬೇಕು, ಕಾಲಿಗೆ ಬೂಟು ಬೇಕು. ಅಕಸ್ಮಾತ್ ಕಚ್ಚಿದರೆ ಕೊಯ್ಯುವುದು, ಕಟ್ಟುವುದು ಮಾಡದೆ, ನಾಯಿಯನ್ನು ನಡೆಸದೆ, ಎತ್ತಿಕೊಂಡು ದವಾಖಾನೆಗೆ ಓಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಶೇರುಗೆ ಒಂದು ಮಾತು ಕಲಿಸಿದೆ: "ನಿಂದ್ರು". ಆ ಮಾತು ಕೇಳಿದರೆ ಎತ್ತಿದ ಕಾಲು ಇಳಿಸದೆ ನಿಲ್ಲಬೇಕು. ರೊಟ್ಟಿ ಚೂರು ತಿನ್ನಿಸಿ ತಿನ್ನಿಸಿ ಕಲಿಸಿದ್ದು. ಆದರೆ ಅದು ನನ್ನ ಬಾಯಲ್ಲಿ ಬಂದರೆ ಮಾತ್ರ ನಿಲ್ಲುತ್ತಿತ್ತು. ನನ್ನ ಗಂಡ ಎಷ್ಟು ಅರಚಿಕೊಂಡರೂ ಬಾಲ ಅಲ್ಲಾಡಿಸಿ ಮುಂದೆ ಹೋಗುತ್ತಿತ್ತು. ಅಪ್ಪನ ಮಾತಿಗಂತೂ ಬಾಲವೂ ಇಲ್ಲ.

ಕೆಲವು ವರ್ಷಗಳ ಹಿಂದಿನ ಚಳಿಗಾಲ. ಪರೀಕ್ಷೆಯ ಕೆಲಸಕ್ಕೆಂದು ನಾನು ಒಂದು ವಾರ ಭಾಲ್ಕಿಯಲ್ಲಿ ಉಳಿಯಬೇಕಾಯಿತು. ಗಂಡನೂ ಊರಲ್ಲಿರಲಿಲ್ಲ. ಶೇರುವನ್ನು ಸಂತಪುರದಲ್ಲಿ ಅಪ್ಪನ ಹತ್ತಿರ ಬಿಟ್ಟೆ. ಭಾಲ್ಕಿಯ ಥಂಡಿಗೋ ಧೂಳಿಗೋ ಕೊನೆಯ ದಿನ ನನ್ನ ಗಂಟಲು ಪೂರ್ತಿ ಕೂತಿತು. ಮಾತಾಡಿದರೆ ಗಂಡಸು ಮಾತಾಡಿದ ಹಾಗೆ. ಫೋನ್ ಮಾಡುವ ಗೋಜಿಗೂ ಹೋಗದೆ ಶನಿವಾರ ಬಸ್ಸು ಹತ್ತಿ ಸಂತಪುರಕ್ಕೆ ಬಂದೆ. ಹೊತ್ತು ಮುಳುಗುತ್ತಿತ್ತು. ಅಣ್ಣ, ಅತ್ತಿಗೆ ಕಮಲನಗರಕ್ಕೆ ಮದುವೆಗೆ ಹೋಗಿದ್ದರು. ಅಪ್ಪ ಆಗಲೇ ಶೇರುವನ್ನು ಕರೆದುಕೊಂಡು ಹೊಲದ ಕಡೆ ಹೊರಟುಹೋಗಿದ್ದರು. ಮನೆಯಲ್ಲಿ ಅವ್ವ ಒಬ್ಬಳೇ ರೊಟ್ಟಿ ಬಡಿಯುತ್ತಿದ್ದಳು.

ಆ ಹೊತ್ತಿನಲ್ಲಿ ನನ್ನ ಎದೆ ಝಲ್ ಎಂದಿತು, ಯಾಕೋ ಮನಸ್ಸು ತಳಮಳಿಸಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಅದು ಸುಳ್ಳು. ನನಗೆ ಏನೂ ಆಗಲಿಲ್ಲ. ಒಲೆಯ ಮುಂದೆ ಕೂತು, ಬಿಸಿ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು, ಬಾಯಿ ತುಂಬ ತಿನ್ನುತ್ತಿದ್ದೆ. ಇನ್ನಷ್ಟು ಶೇಂಗಾ ಹಿಂಡಿ ಹಾಕು ಎಂದು ಅವ್ವನಿಗೆ ಕೈಸನ್ನೆ ಮಾಡುತ್ತಿದ್ದೆ. ಅಷ್ಟೇ.

ಸ್ವಲ್ಪ ಹೊತ್ತಿಗೆ ಅಪ್ಪ ಬಂದರು. ಶೇರುವನ್ನು ಹೆಗಲ ಮೇಲೆ ಎತ್ತಿಕೊಂಡಿದ್ದರು. ಕಾಲಲ್ಲಿ ಚಪ್ಪಲಿ ಒಂದೇ ಇತ್ತು. ನನ್ನನ್ನು ನೋಡಿದ್ದೇ ರೇಗಿದರು.

"ಕೂಗಿ ಎಲ್ಲಿ ಅಡಗಿದ್ದಿ? ಹೊಲ ಎಲ್ಲಾ ಹುಡುಕಿ ಬಂದೆ ನಿನ್ನ!"

ನನ್ನ ಬಾಯಲ್ಲಿ ತುತ್ತಿತ್ತು. ಅವ್ವನೇ ಹೇಳಿದಳು: "ಅಕಿ ಎಲ್ಲಿ ಹೋಗ್ಯಾಳ? ಬಂದಾಗಿಂದ ಇಲ್ಲೇ ಉಣ್ಣಾಕ ಕುಂತಾಳ."

ಅಪ್ಪ ನಾಯಿಯನ್ನು ಇಳಿಸಿ ಗೋಡೆಗೆ ಒರಗಿ ಕೂತರು. ನೀರು ಕೊಟ್ಟ ಮೇಲೆ ನಡೆದದ್ದನ್ನು ಹೇಳಿದರು. ಹೊಲದ ಬದುವಿನ ತುದಿಯಲ್ಲಿ ರಾಶಿ ಮಾಡಿ ಉಳಿದ ತೊಗರಿ ಕಟ್ಟಿಗೆಯ ಗುಡ್ಡೆ ಇದೆ. ಅದರಲ್ಲಿ ಇಲಿ ಸೇರಿದ್ದವು. ಶೇರು ಅತ್ತ ಎಳೆಯಿತು, ಇವರೂ ಹೋಗಲಿ ಎಂದು ಹಗ್ಗ ಸಡಿಲ ಬಿಟ್ಟು ಅದರ ಪಕ್ಕದಲ್ಲೇ ನಡೆದರು. ಬ್ಯಾಟರಿ ಇಲ್ಲ, ಬೂಟೂ ಇಲ್ಲ. ಆಗ ಬೆನ್ನ ಹಿಂದೆ ನಾನು ಕೂಗಿದೆನಂತೆ: "ಅಪ್ಪಾ, ನಿಂದ್ರು!"

ಅಪ್ಪ ತಮ್ಮ ರೂಢಿಯಂತೆ ಆ ಒಂದೇ ಕೂಗಿಗೆ ನಿಂತು, ತಿರುಗಿ, "ಓ, ಬಂದ್ಯಾ?" ಅಂದರು. ಹಿಂದೆ ಯಾರೂ ಇರಲಿಲ್ಲ. ಮತ್ತೆ ಮುಂದೆ ನೋಡಿದರೆ ಶೇರು ಮುಂಗಾಲು ಒಂದನ್ನು ಎತ್ತಿಕೊಂಡು ಕಲ್ಲಿನ ಹಾಗೆ ನಿಂತಿತ್ತು. ಆಗ ಕುಕ್ಕರ್ ಸೀಟಿ ಬಿಟ್ಟಂಥ ಬುಸುಗುಟ್ಟುವ ಸದ್ದು ಕೇಳಿತು. ಗುಡ್ಡೆಯ ಬುಡದಲ್ಲಿ, ಅಪ್ಪ ಮುಂದಿನ ಹೆಜ್ಜೆ ಇಡಬೇಕಿದ್ದ ಜಾಗದಲ್ಲೇ, ದಪ್ಪನೆಯ ಕೊಳಕುಮಂಡಲ ಸುತ್ತಿಕೊಂಡು ಕೂತಿತ್ತು. ಅಪ್ಪ ಹಿಂದೆ ಹಿಂದೆ ಸರಿದು, ಹಗ್ಗ ಎಳೆದುಕೊಂಡು, ನಾಯಿಯನ್ನು ಎತ್ತಿಕೊಂಡು, ನನ್ನನ್ನು ಹುಡುಕುತ್ತ ಬಂದಿದ್ದರು.

ನಾನು ಶೇರುವಿನ ಮೂಗು, ಕಾಲು, ಅಪ್ಪನ ಎರಡೂ ಪಾದ ಎಲ್ಲವನ್ನೂ ದೀಪ ಹಿಡಿದು ನೋಡಿದೆ. ಒಂದು ಗೀರೂ ಇರಲಿಲ್ಲ. ಆಗ ನನಗೆ ಬಂದ ಅಳು ನಿಲ್ಲಲಿಲ್ಲ. ಅಳುತ್ತಲೇ ಅಪ್ಪನಿಗೆ, ಬೂಟು ಯಾಕೆ ಹಾಕಲಿಲ್ಲ ಎಂದು ಬಯ್ಯಲು ಬಾಯಿ ತೆರೆದೆ. ನನ್ನ ಒಡಕು ದನಿ ಹೊರಬಿದ್ದಿದ್ದೇ ಅಪ್ಪ ತಲೆ ಎತ್ತಿದರು.

"ಇದೇ ದನಿ," ಅಂದರು. "ನಿನ್ನ ಗಂಟಲ ಯಾಕ ಹಿಂಗ ಕೂತದ ಅಂತ ಹೊಲದಾಗೇ ಅನಕೊಂಡೆ ನಾ."

ತವೆಯ ಮೇಲಿನ ರೊಟ್ಟಿ ಕರಿದಾಯಿತು.

ಮರುದಿನ ಔರಾದದಿಂದ ಹಾವು ಹಿಡಿಯುವವರು ಬಂದು, ಕಟ್ಟಿಗೆ ಸರಿಸಿ, ಅದನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಅಂದರೆ ಹಾವು ಅಪ್ಪನ ಭ್ರಮೆಯಲ್ಲ. ಉಳಿದದ್ದಕ್ಕೆ ನಾನು ಸಮಾಧಾನ ಹುಡುಕಿದ್ದೇನೆ. ಶೇರು ವಾಸನೆಗೆ ನಿಂತಿರಬಹುದು. ಅಪ್ಪನ ಕಿವಿಗೆ ಬುಸುಗುಟ್ಟುವುದು ಬಿದ್ದು, ನಾನು ನಾಯಿಗೆ ದಿನಾ ಹೇಳುವ ಮಾತು ಅವರ ತಲೆಯೊಳಗೇ ಕೇಳಿಸಿರಬಹುದು. ನನ್ನ ವಿದ್ಯಾರ್ಥಿಗಳು ಕೇಳಿದ್ದರೆ ಇಷ್ಟೇ ಹೇಳಿ ಮುಗಿಸುತ್ತಿದ್ದೆ. ಆದರೆ ಹಾವು ಇದ್ದದ್ದು ಮುಂದೆ, ದನಿ ಬಂದದ್ದು ಹಿಂದಿನಿಂದ. ಮತ್ತೆ ಆ ಕೂತ ಗಂಟಲು ಅವರಿಗೆ ಹೇಗೆ ಗೊತ್ತಾಯಿತು? ಇಲ್ಲಿಗೆ ಬಂದು ನನ್ನ ವಿಜ್ಞಾನ ಸುಮ್ಮನಾಗುತ್ತದೆ. ಊರ ರೂಢಿಯಂತೆ ಅಪ್ಪ ಎರಡನೆಯ ಕೂಗಿಗೆ ಕಾದಿದ್ದರೆ ಏನಾಗುತ್ತಿತ್ತು ಎಂಬುದನ್ನು ಮಾತ್ರ ನಾನು ಯೋಚಿಸಲು ಹೋಗುವುದಿಲ್ಲ.

ಅಪ್ಪ ಈ ವಿಷಯ ಮತ್ತೆ ಎತ್ತಿಲ್ಲ. ಕೇಳಿದರೆ "ಬದುಕಿದೆವಲ್ಲ, ಸಾಕು ಬಿಡು" ಎಂದು ನಗುತ್ತಾರೆ. ಈಗ ಬೂಟು ಹಾಕುತ್ತಾರೆ, ಬ್ಯಾಟರಿ ಹಿಡಿಯುತ್ತಾರೆ, ಗುಡ್ಡೆಯ ಹತ್ತಿರ ಹೋಗುವುದಿಲ್ಲ. ನಾನು ಸಂಜೆ ಫೋನ್ ಮಾಡಿ ವಿಚಾರಿಸುತ್ತೇನೆ. ನೆಮ್ಮದಿಯಾಗಿದೆ.

ಒಂದನ್ನು ಮಾತ್ರ ಈವರೆಗೆ ಗಂಡನ ಹೊರತು ಯಾರಿಗೂ ಹೇಳಿಲ್ಲ. ಅಪ್ಪ ಹೊಲಕ್ಕೆ ಹೊರಡುವ ಹೊತ್ತಿಗೆ ನಾನು ನೌಬಾದದ ನಮ್ಮ ಅಡುಗೆಮನೆಯಲ್ಲಿರುತ್ತೇನೆ. ಕಿಟಕಿ ತೆರೆದು, ಸಂತಪುರ ಯಾವ ದಿಕ್ಕಿಗಿದೆಯೋ ಅತ್ತ ಮುಖ ಮಾಡಿ, "ಅಪ್ಪಾ, ನಿಂದ್ರು" ಎಂದು ಗಟ್ಟಿಯಾಗಿ ಕೂಗುತ್ತೇನೆ. ಅಂದು ಕೂಗಿದವರು ಯಾರೋ ನನಗೆ ತಿಳಿಯದು. ಅವರು ಇನ್ನೊಮ್ಮೆ ಬರಲಿಕ್ಕಿಲ್ಲ, ಅದಕ್ಕೇ ಈಗ ನಾನೇ ಕೂಗುತ್ತೇನೆ.