ರೋಟರಿ ಎಂಜಿನ್ನಿಗೆ ನಮ್ಮತ್ತೆ ಮಾಡಿದ ಆಯುಧಪೂಜೆ

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನ ಸಿಗ್ನಲ್ಲಿನಲ್ಲಿ ನಮ್ಮ ಆಟೋ ನಿಂತಿತ್ತು. ಮುಂದೆ ಯಾರೋ ಪುಣ್ಯಾತ್ಮ ಹಳೆಯ ಸ್ಕೂಟರಿನಿಂದ ನೀಲಿ ಹೊಗೆ ಬಿಡುತ್ತಿದ್ದ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ನಮ್ಮ ಯಜಮಾನರು ಮಾತ್ರ ಕಾಫಿಯ ಘಮ ಬಂದವರಂತೆ ಮೂಗು ಅರಳಿಸಿ, "ಎಣ್ಣೆ ಸುಡ್ತಾ ಇದೆ" ಎಂದರು. ಎಂಜಿನ್ ಎಣ್ಣೆಯ ವಾಸನೆಯ ಜೊತೆ ನಾನು ವರ್ಷಗಟ್ಟಲೆ ಸಂಸಾರ ಮಾಡಿದ್ದೇನೆ. ಹೇಳುತ್ತೇನೆ, ಕೇಳಿ.

ಎಂಬತ್ತರ ದಶಕದ ಆರಂಭ. ನಾವಿದ್ದದ್ದು ಬನಶಂಕರಿ ಎರಡನೇ ಹಂತದಲ್ಲಿ. ಇವರು ವಿಮಾನದ ಕಾರ್ಖಾನೆಯೊಂದರಲ್ಲಿ ಇನ್ಸ್‌ಪೆಕ್ಟರ್. ಬೇರೆಯವರು ಮಾಡಿದ್ದರಲ್ಲಿ ಹುಳುಕು ಹುಡುಕುವುದೇ ಕೆಲಸ. ಮನೆಗೆ ಬಂದರೂ ಆ ಚಾಳಿ ಬಿಡುತ್ತಿರಲಿಲ್ಲ. ನನ್ನ ಚಪಾತಿ ದುಂಡಗಿದೆಯೋ ಇಲ್ಲವೋ ಎಂದು ಇವರನ್ನು ಕೇಳಿದವರು ಯಾರು, ಹೇಳಿ? ಇಂಥ ಮನುಷ್ಯನಿಗೆ ಇದ್ದಕ್ಕಿದ್ದಂತೆ ಸ್ವಂತ ವಿಮಾನ ಕಟ್ಟುವ ಹುಚ್ಚು ಹಿಡಿಯಿತು. ಇಬ್ಬರು ಕೂರುವ ಪುಟ್ಟ ವಿಮಾನ. ಅದರ ರೆಕ್ಕೆಯ ಮರದ ಪಟ್ಟಿಗಳು ಅಂಟು ಬಳಿಸಿಕೊಂಡು ತಾರಸಿಯ ಮೇಲೆ ನನ್ನ ಸಂಡಿಗೆಯ ಪಕ್ಕದಲ್ಲೇ ಒಣಗುತ್ತಿದ್ದವು. ಎರಡಕ್ಕೂ ಸೇರಿ ಕಾಗೆ ಓಡಿಸಲು ಕೂತವಳು ನಾನು.

ಮೈಯೇನೋ ಮರದ್ದಾಯಿತು, ಎಂಜಿನ್ ಬೇಕಲ್ಲ? ಅಪಘಾತದಲ್ಲಿ ನುಜ್ಜುಗುಜ್ಜಾದ ವಿದೇಶಿ ಕಾರೊಂದರ ರೋಟರಿ ಎಂಜಿನ್ ಗುಜರಿಯಲ್ಲಿ ಸಿಕ್ಕಿತು. ಅದು ಬಂದು ಊಟದ ಮೇಜಿನ ಮೇಲೆ ಕೂತಿತು, ನಾವು ನೆಲಕ್ಕಿಳಿದೆವು. ಅದಕ್ಕೆ ಪಿಸ್ಟನ್ ಇಲ್ಲವಂತೆ. ಹೊಟ್ಟೆ ಉಬ್ಬಿದ ಸಮೋಸದಂಥ ಮೂರು ಮೂಲೆಯ ತುಂಡೊಂದು ಗೂಡಿನೊಳಗೆ ಸುತ್ತುತ್ತದೆ. ಮೂಲೆಗೊಂದು ತೆಳು ಪಟ್ಟಿ. ಅದು ಗೂಡಿನ ಗೋಡೆ ಸವರಿಕೊಂಡೇ ಹೋಗಬೇಕು. "ಗೋಡೆ ಮೇಲೆ ಗೀರು ಬಿತ್ತೋ, ಮುಗೀತು. ಇಂಥದ್ದು ಇನ್ನೊಂದು ಈ ಊರಲ್ಲಿ ಸಿಗಲ್ಲ" ಎನ್ನುತ್ತಿದ್ದರು.

ಮನೆಯಲ್ಲಿ ನಮ್ಮತ್ತೆಯೂ ಇದ್ದರು. "ಮೊದಲನೇ ಸೀಟು ನಿಂಗೇ ಅಮ್ಮ" ಎಂದು ಇವರು ಮಾತು ಕೊಟ್ಟಿದ್ದರು. ಕಾಗೆ ಓಡಿಸಿದವಳು ನಾನು, ಸೀಟು ಅವರಿಗೆ! ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು.

ಸವೆದದ್ದನ್ನೆಲ್ಲ ಹೊಸದಾಗಿ ಮಾಡಿಸಿ, ಒಂದೊಂದು ಭಾಗವನ್ನೂ ತೊಳೆದು ಎಣ್ಣೆ ಸವರಿ, ಹಬ್ಬ ಕಳೆದ ಮೇಲೆ ಜೋಡಿಸೋಣವೆಂದು ಬಿಳಿ ಬಟ್ಟೆಯ ಮೇಲೆ ಹರವಿಟ್ಟು, ಆಯುಧಪೂಜೆಯ ದಿನ ಇವರು ಕಾರ್ಖಾನೆಯ ಪೂಜೆಗೆ ಹೋದರು. ನಾನು ಒಳಗೆ ವಡೆ ಕರಿಯುತ್ತಿದ್ದೆ. ಇವರು ವಾಪಸು ಬಂದು ಮೇಜಿನ ಮುಂದೆ ಗರಬಡಿದವರಂತೆ ನಿಂತಾಗಲೇ ನಾನೂ ಬಂದು ನೋಡಿದ್ದು. ಅರಿಶಿನ, ಕುಂಕುಮ, ಸೇವಂತಿಗೆ ಸರಿ. ಗೂಡಿನ ಒಳಗೋಡೆಯ ಮೇಲೆ ರಂಗೋಲಿ! ಮುದ್ದಾದ ಪದ್ಮ.

"ಇದನ್ನ ನಂಬ್ಕೊಂಡು ನನ್ನ ಮಗ ಮೇಲಕ್ಕೆ ಹೋಗ್ತಾನೆ. ಬರೀ ಹೊರಗಡೆ ಕುಂಕುಮ ಇಟ್ರೆ ಸಾಕಾ?" ಎಂದರು ಅತ್ತೆ.

ಧೂಳಿನ ಕಣ ಕಂಡರೆ ಬಿಡಿಭಾಗಗಳ ಇಡೀ ಪೆಟ್ಟಿಗೆಯನ್ನೇ ವಾಪಸು ಕಳಿಸುತ್ತಿದ್ದ ಇನ್ಸ್‌ಪೆಕ್ಟರ್ ಸಾಹೇಬರು, "ಚೆನ್ನಾಗಿದೆ ಅಮ್ಮ" ಎಂದರು. ಮಾರನೆಯ ದಿನ ಸೀಮೆಎಣ್ಣೆಯಲ್ಲಿ ತೊಳೆಯಲು ಹೊರಟರೆ ಅತ್ತೆ ಬಿಡಬೇಕಲ್ಲ! "ಪೂಜೆ ಆಗಿದ್ದನ್ನ ಸೀಮೆಎಣ್ಣೇಲಿ ಅದ್ದುತೀಯಾ? ಬಟ್ಟೇಲಿ ಒರೆಸ್ಕೊಳೋ, ಸಾಕು." ಇವರು ಒರೆಸಿದರು. ಒರೆಸಿಯೇ ಒರೆಸಿದರು. ತೊಳೆಯಲಿಲ್ಲ.

ಹಿತ್ತಲಲ್ಲಿ ಎಂಜಿನ್ ಶುರುವಾದಾಗ ಇಡೀ ಬೀದಿ ಕಾಂಪೌಂಡಿನ ಮೇಲಿತ್ತು. ಅತ್ತೆ ಕಿವಿ ಮುಚ್ಚಿಕೊಂಡು ನಗುತ್ತಿದ್ದರು. ಸ್ವಲ್ಪ ಹೊತ್ತು ಗಮ್ಮತ್ತಾಗಿ ಓಡಿತು. ಆಮೇಲೆ ಕೀರಲು ದನಿ ಬಂತು, ಏದುಸಿರು ಬಿಟ್ಟು ನಿಂತಿತು. ಬಿಚ್ಚಿದರೆ ಗೋಡೆಯ ಸುತ್ತಲೂ ಗೀರುಗಳು. ಪಟ್ಟಿ ಕೂರುವ ಸಂದಿಯಿಂದ ಇವರು ಉಗುರಿನಲ್ಲಿ ಬಿಳಿ ಪುಡಿ ತೆಗೆದು ಬೆರಳಲ್ಲಿ ತಿಕ್ಕಿ ನೋಡಿದರು. ರಂಗೋಲಿ ಎಂದರೆ ಕಲ್ಲಿನ ಪುಡಿ ತಾನೆ?

ನನಗೆ ಕೋಪ ನೆತ್ತಿಗೇರಿತು. ಅತ್ತೆಯ ಮುಂದೆ ಅಂದೇಬಿಡಬೇಕು ಎಂದು ಎದ್ದೆ. ಇವರು ನನ್ನ ಕೈ ಹಿಡಿದು ಕೂರಿಸಿ, ತಾವೇ ಹೋಗಿ, "ಹಳೇ ಎಂಜಿನ್ ಅಮ್ಮ, ಆಯಸ್ಸು ಮುಗಿದಿತ್ತು" ಎಂದರು.

"ಹೋಗ್ಲಿ ಬಿಡೋ. ಪೂಜೆ ಮಾಡಿದ್ದಕ್ಕೆ ನೆಲದ ಮೇಲಿದ್ದಾಗ್ಲೇ ಕೆಡ್ತು. ಮೇಲೆ ಹೋದಾಗ ಕೆಟ್ಟಿದ್ರೆ ಏನ್ ಗತಿ!" ಎಂದು ಅತ್ತೆ ಮಗನ ತಲೆ ಸವರಿದರು. ನಾನು ಹಲ್ಲು ಕಚ್ಚಿಕೊಂಡು ಅಡುಗೆಮನೆಗೆ ಹೋದೆ.

ಸಿದ್ದಾಪುರದ ವರ್ಕ್‌ಶಾಪಿನವರೊಬ್ಬರು ಗೂಡಿನ ಗೋಡೆಗೆ ಮತ್ತೆ ಲೋಹದ ಲೇಪ ಕೊಟ್ಟು ನೋಡಿದರು, ಚಕ್ಕೆಚಕ್ಕೆಯಾಗಿ ಎದ್ದುಬಂತು. ಅಲ್ಲಿಗೆ ವಿಮಾನದ ಕಥೆ ಮುಗಿಯಿತು. ರೆಕ್ಕೆಯ ಪ್ಲೈವುಡ್ಡಿನಲ್ಲಿ ನನಗೊಂದು ಕಪಾಟಾಯಿತು. ಅತ್ತೆ ವಿಮಾನ ಹತ್ತದೆಯೇ ಹೋದರು. ಇವರನ್ನು ನಾನು ಅಮ್ಮನ ಮುಂದೆ ಬಾಯಿ ಬಾರದ ಪುಕ್ಕಲ ಎಂದೇ ಲೆಕ್ಕ ಹಾಕಿಕೊಂಡು ಇಷ್ಟು ಕಾಲ ಬಾಳಿದೆ.

ಮೊನ್ನೆ ಆಟೋದಲ್ಲಿ ಕೇಳಿಯೇಬಿಟ್ಟೆ. "ಅಲ್ಲ ರೀ, ಅಷ್ಟು ವರ್ಷದ ಕೆಲಸ. ಒಂದ್ ಮಾತು ಅತ್ತೆಗೆ ಹೇಳ್ಬಾರ್ದಿತ್ತಾ? ನಿಮಗೆ ಬೇಜಾರಾಗ್ಲಿಲ್ವಾ?"

"ಆಯ್ತು ಕಣೇ. ಈಗ್ಲೂ ಇದೆ. ಆದ್ರೆ ಹೇಳಿದ್ದಿದ್ರೆ ಅಮ್ಮ ಆಮೇಲೆ ಬಾಗಿಲಿಗೂ ರಂಗೋಲಿ ಹಾಕ್ತಿರ್ಲಿಲ್ಲ" ಎಂದರು.

ಸಿಗ್ನಲ್ ಬಿಟ್ಟಿತು. ನಾನು ಅವರ ಕೈ ಹಿಡಿದುಕೊಂಡೆ. ಆಟೋದವನು ಕನ್ನಡಿಯಲ್ಲಿ ನೋಡುತ್ತಿದ್ದ, ನೋಡಿಕೊಳ್ಳಲಿ ಬಿಡಿ.