ಆರ್ಗನ್ನಿನ ತಿದಿ ಒತ್ತಿದವಳು

ಹಡಗಲಿಯ ನಮ್ಮ ಪುಟ್ಟ ಚರ್ಚಿನ ಆರ್ಗನ್ನಿನ ಚರಿತ್ರೆ ಬರೆದವಳು ನಾನು. ಅದರಲ್ಲೊಂದು ಸುಳ್ಳಿದೆ — ತಿಳಿದೇ ಬರೆದ ಸುಳ್ಳು. "ವಯಸ್ಸಾದ ವಾದ್ಯ, ಒಮ್ಮೆ ಆರಾಧನೆಯ ನಡುವೆಯೇ ದನಿ ಕುಸಿಯಿತು" ಎಂದು ಬರೆದೆ. ಆರ್ಗನ್ನಿಗೆ ಏನೂ ಆಗಿರಲಿಲ್ಲ. ನಿಂತದ್ದು ನಮ್ಮವ್ವನ ಕೈ. ನಿಲ್ಲಿಸಿದ್ದು ನನ್ನ ಮಾತು.

ಕೊಳವೆಗಳ ಆ ವಾದ್ಯಕ್ಕೆ ಗಾಳಿ ಬೇಕು. ನುಡಿಸುವವರು ಮುಂದೆ ಕೂತರೆ, ಹಲಗೆಯ ಮರೆಯಲ್ಲಿ ಇನ್ನೊಬ್ಬರು ತಿದಿಯ ಹಿಡಿಕೆ ಒತ್ತುತ್ತಲೇ ಇರಬೇಕು. ಚರ್ಚು ಗುಡಿಸುವ ನಮ್ಮವ್ವನೇ ಅದನ್ನೂ ಮಾಡುತ್ತಿದ್ದಳು. ನಸುಕಿನಲ್ಲಿ ಕಂಡವರ ತೋಟದ ಮಲ್ಲಿಗೆ ಬಿಡಿಸಿ, ಆಮೇಲೆ ಹಿಡಿಕೆಗೆ ಬರುವ ಕೈ. ಆ ಕೈಯೇ ನನ್ನನ್ನು ಬಿ.ಎ. ಮಾಡಿಸಿತು — ನಮ್ಮ ಮನೆತನಕ್ಕೆ ಮೊದಲ ಪದವಿ.

ಬಿ.ಎ. ಓದುವಾಗ ಒಂದು ಕ್ರಿಸ್‌ಮಸ್ಸಿಗೆ ಕಾಲೇಜಿನ ಗೆಳತಿಯನ್ನು ಕರೆತಂದಿದ್ದೆ. ಆರ್ಗನ್ನಿನ ಪಕ್ಕದಲ್ಲೇ ಕೂತಿದ್ದೆವು. ಪ್ರಾರ್ಥನೆಯ ಹೊತ್ತು, ಅದು ಮೆಲ್ಲಗೆ ನುಡಿಯುತ್ತಿತ್ತು. ಹಲಗೆಯಂಚಿನಲ್ಲಿ ಸೆರಗು ಕಂಡು ಗೆಳತಿ ಕೇಳಿದಳು, "ಹಿಂದ ಯಾರ ಅದಾರಲೇ?"

"ಯಾರೋ ಕೂಲಿಯಾಕಿ" ಎಂದೆ.

ಹಲಗೆ ತೆಳು. ಕೈ ನಿಂತಿತು. ಕೊಳವೆಗಳೆಲ್ಲ ಒಟ್ಟಿಗೆ ಸೊರಗಿದವು — ಮತ್ತೆ ಎದ್ದವು. ಆರಾಧನೆ ಮುಗಿದ ಮೇಲೆ ಅವ್ವ ಎಂದಿನಂತೆ ಕಸಬರಿಗೆ ಹಿಡಿದಳು. ನಾನು ಗೆಳತಿಯ ಜೊತೆ ಹೊರಗೆ ನಡೆದೆ.

ಮುಂದೆ ಸಭೆಯ ಹಿರಿಯರು, "ಓದಿದಾಕಿ ನೀನ ಬರಿ" ಎಂದು ಚರಿತ್ರೆ ಬರೆಸಿದರು. ತಂದವರು, ನುಡಿಸಿದವರು, ಕೊಳವೆಗೆ ಬೆಸುಗೆ ಹಾಕಿದ ಸಾಬರು, ಎಲ್ಲರನ್ನೂ ಬರೆದೆ. ಅವ್ವನನ್ನು ಬಿಟ್ಟೆ.

ಈ ವರ್ಷ ಅದೇ ಬರಹ ಹಿಡಿದು ಹಿರಿಯರು, "ಮುದಿಯಾಗೈತಿ, ತಗದು ಕೀಬೋರ್ಡ್ ಇಡೂಣು" ಎಂದರು. ಅವ್ವನ ಮುಖ ನೋಡಿದೆ. ಸಭೆಯೆದುರು ಎದ್ದು ನಿಂತೆ.

"ಅದು ಮುದಿಯಾಗಿಲ್ರಿ. ಅವತ್ತು ನಮ್ಮವ್ವಗ ಯಾರೋ ಕೂಲಿಯಾಕಿ ಅಂದೆ. ಆಕಿ ಕೈ ನಿಂತಬಿಡ್ತು. ಸುಳ್ಳು ಬರದಾಕಿ ನಾನು."

ಹಿರಿಯರೇ, "ಹಂಗಾದ್ರ ಆ ಹಲಗಿ ಬಿಚ್ರಿ, ಆಕಿ ಎಲ್ಲಾರಿಗೂ ಕಾಣ್ಲಿ; ಹೆಂಗ ನುಡೀತೈತಿ ಕೇಳೇಬಿಡೂಣು" ಎಂದರು.

ಬಿಚ್ಚಿದರು. ಎಲ್ಲರ ಕಣ್ಣೂ ಅವ್ವನ ಮೇಲೆ. ಸೆರಗು ಸಿಕ್ಕಿಸಿಕೊಂಡಳು. "ನನ್ನೇನ್ ನೋಡ್ತೀರಿ? ಹಾಡ್ರಿ!"

ಆಹಾ, ಆ ನಾದ! ಕಿಟಕಿಯ ಗಾಜುಗಳು ನಡುಗಿದವು. ಹಾಡುತ್ತಿದ್ದವರೇ ಚಪ್ಪಾಳೆ ತಟ್ಟಿದರು. ಕೀಬೋರ್ಡಿನ ಮಾತು ಅಲ್ಲಿಗೇ ಮುಗಿಯಿತು. ಚರಿತ್ರೆ ತಿದ್ದಿ ಮತ್ತೆ ಅಚ್ಚಾಯಿತು, ಅವ್ವನ ಹೆಸರಿನೊಂದಿಗೆ.

ಕ್ಷಮಿಸಿದಳೋ ಇಲ್ಲವೋ — ಕೇಳಿಲ್ಲ. ಕೇಳುವ ಹಕ್ಕೂ ನನಗಿಲ್ಲ. ಈಗ ಭಾನುವಾರಗಳಂದು ಅವಳ ಪಕ್ಕದಲ್ಲಿ ನಾನೂ ನಿಲ್ಲುತ್ತೇನೆ, ಎಲ್ಲರಿಗೂ ಕಾಣುವಂತೆ. ದಣಿದಾಗ ಹಿಡಿಕೆ ನನಗೆ ಬಿಟ್ಟುಕೊಟ್ಟು, ಸಭೆಗೆಲ್ಲ ಕೇಳುವಂತೆ ಗದರುತ್ತಾಳೆ: "ಜೋರ್ ಒತ್ತು, ಬಿ.ಎ. ಮಾಡ್ದಾಕಿ!"