‘ಬಿಟ್ಟುಬಿಡು’ ಅಂದ ಕಾಕಾ

ಕಾಕಾ ಅವರ ಬಲಗೈ ಹೆಬ್ಬೆರಳಿನ ಉಗುರು ಹಳದಿಗಟ್ಟಿ, ದಪ್ಪಗೆ, ಮುಂದಕ್ಕೆ ಬಾಗಿತ್ತು. ರಿಪೋರ್ಟ್ ಕಾರ್ಡಿನ ಮೇಲೆ ಅದನ್ನು ಸಾಲು ಸಾಲಾಗಿ ಇಳಿಸುತ್ತ ಬಂದು, ಕಡಿಮೆ ಮಾರ್ಕು ಸಿಕ್ಕಲ್ಲಿ ನಿಲ್ಲಿಸಿ ಒತ್ತುತ್ತಿದ್ದರು. ಕಾಗದದಲ್ಲಿ ಗುಳಿ ಬೀಳುತ್ತಿತ್ತು. ಆಮೇಲೆ ಆ ಅಂಕಿಯನ್ನು ಎಲ್ಲರಿಗೂ ಕೇಳುವ ಹಾಗೆ ಓದುತ್ತಿದ್ದರು.

ಅವರು ನಮಗೆ ಸಂಬಂಧಿಕರೇನಲ್ಲ. ಧಾರವಾಡ ಕಡೆಯವರು, ಎಷ್ಟೋ ವರ್ಷಗಳ ಹಿಂದೆ ಟೊರೊಂಟೊಗೆ ಬಂದು ನೆಲೆಸಿದ ಎಂಜಿನಿಯರು. ನಿವೃತ್ತರಾದ ಮೇಲೆ ಸ್ಕಾರ್‌ಬರೋದ ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಪ್ರತಿ ಶನಿವಾರ ಕನ್ನಡದವರ ಮಕ್ಕಳಿಗೆ ಪುಕ್ಕಟೆ ಗಣಿತ ಹೇಳಿಕೊಡುತ್ತಿದ್ದರು. ಪುಕ್ಕಟೆ ಅಂದಮೇಲೆ ಬೈಗುಳವೂ ಧಾರಾಳ. ಅಳುವ ಮಕ್ಕಳಿಗೆ ಟಿಶ್ಯೂ ಡಬ್ಬಿ ದಬ್ಬಿ, ಕಣ್ಣೊರೆಸಿಕೊಳ್ಳುವ ಮೊದಲೇ ಮುಂದಿನ ಲೆಕ್ಕ ಕೊಡುತ್ತಿದ್ದರು.

ಹನ್ನೆರಡನೇ ಗ್ರೇಡಿನ ನವೆಂಬರಿನಲ್ಲಿ ನನ್ನ ಕಾರ್ಡು ಅವರ ಉಗುರಿನ ಕೆಳಗೆ ಬಂತು. ಮಿಡ್‌ಟರ್ಮಿನಲ್ಲಿ ಗಣಿತಕ್ಕೆ ಅರವತ್ತೆಂಟು.

“ಅರವತ್ತೆಂಟು ಅಂದ್ರ ನನ್ನ ತೂಕ ಆತು,” ಅಂದರು. “ನಿನ್ನ ಮಾರ್ಕ್ ಎಲ್ಲದ?”

ಕ್ಲಾಸಿನ ಉಳಿದ ಏಳು ಜನ ನಕ್ಕರು. ನಾನು ಎಂಜಿನಿಯರಿಂಗಿಗೆ ಅರ್ಜಿ ಹಾಕುವವಳಿದ್ದೆ, ಅದೂ ‘ಅರ್ಲಿ’ಗೆ. ವರ್ಷ ಮುಗಿಯುವುದಕ್ಕೆ ಮೊದಲೇ ಮಾರ್ಕು ನೋಡಿ ಯೂನಿವರ್ಸಿಟಿಯವರು ಹಂಚುವ ಮೊದಲ ಸುತ್ತಿನ ಸೀಟು ಅದು. ಕರೆದೊಯ್ಯಲು ಬಂದಿದ್ದ ಅಪ್ಪ ಮೆಟ್ಟಿಲ ಮೇಲೆ ನಿಂತಿದ್ದರು. “ಮಿಡ್‌ಟರ್ಮ್ ತಾನೆ ಸರ್, ಫೈನಲ್ ಎಕ್ಸಾಮಲ್ಲಿ ಎತ್ಕೋತಾಳೆ ಬಿಡಿ,” ಅಂದರು. ಮೈಸೂರಿನಲ್ಲಿ ಪಿಯುಸಿ ಓದಿದವರಿಗೆ ಕೊನೆಯ ಪರೀಕ್ಷೆಯೊಂದೇ ಪರೀಕ್ಷೆ, ನಡುವಿನದೆಲ್ಲ ಬರೀ ಟೆಸ್ಟು. ಆ ನಂಬಿಕೆಯಲ್ಲೇ ನನ್ನನ್ನೂ ಎರಡು ತಿಂಗಳು ಹಾಯಾಗಿಟ್ಟಿದ್ದರು.

“ಇದು ನಿಮ್ಮ ಪಿಯುಸಿ ಅಲ್ರೀ. ನಿಮ್ಮ ಫೈನಲ್ ಬರೋದ್ರೊಳಗ ಇಲ್ಲೆ ಅರ್ಧಾ ಸೀಟು ಹಂಚಿ ಮುಗಸಿರ್ತಾರ. ಮಗಳನ್ನ ಕೆಡಿಸಿದವ್ರು ನೀವು.” ಮಕ್ಕಳೆದುರಿಗೆ ಅಪ್ಪನಿಗೆ ಹೀಗೆ ಹೇಳಿ, ನನ್ನ ಕಡೆ ತಿರುಗಿದರು. “ಕಾರ್ಡು ಬಂದು ಐದು ಸ್ಕೂಲ್ ದಿನದೊಳಗ ಕೋರ್ಸ್ ಬಿಟ್ರ ಈ ಮಾರ್ಕ್ ಯಾರಿಗೂ ಕಾಣಸೂದಿಲ್ಲ. ಬಿಟ್ಟುಬಿಡು. ಫೆಬ್ರವರಿಗೆ ಸೆಕೆಂಡ್ ಸೆಮಿಸ್ಟರಿನಾಗ ಮತ್ತ ತಗೋ. ಅರ್ಲಿ ನಿನ್ನ ಹಣೇಬರಹದಾಗಿಲ್ಲ.”

ನಾಲ್ಕು ದಿನ ಮನೆಯಲ್ಲಿ ರಂಪ. ಮೇ ತಿಂಗಳಿನ ಕೊನೆಯ ಸುತ್ತಿನಲ್ಲೂ ಸೀಟು ಬರದಿದ್ದರೆ ಎಂಜಿನಿಯರಿಂಗೇ ಇಲ್ಲ ಅನ್ನುವುದು ಅಮ್ಮನ ಭಯ. ಐದನೆಯ ದಿನ ಬಿಟ್ಟೆ.

ಅಂದಿನಿಂದ ನನ್ನ ಹೆಸರು ‘ಸೆಕೆಂಡ್ ಸೆಮಿಸ್ಟರ್’. “ಸೆಕೆಂಡ್ ಸೆಮಿಸ್ಟರ್, ಬಾಗಲಾ ಹಾಕು.” ಫೆಬ್ರವರಿಯಲ್ಲಿ ನಮ್ಮ ಕ್ಲಾಸಿನ ಇಬ್ಬರಿಗೆ ಅರ್ಲಿ ಸೀಟು ಬಂದಾಗ ಪೇಢೆಯ ಡಬ್ಬಿಯನ್ನು ಬೇಕಂತಲೇ ನನ್ನ ಕೈಗೆ ಕೊಟ್ಟು, “ಹಂಚು. ಬ್ಯಾರೇದವರ ಪೇಢೆ ಹಂಚೂದು ಹೆಂಗಿರ್ತದ ಗೊತ್ತಾಗ್ಲಿ,” ಅಂದರು. ಹಂಚಿದೆ. ಅವತ್ತಿನಷ್ಟು ನಾನು ಯಾರನ್ನೂ ದ್ವೇಷಿಸಿಲ್ಲ.

ಇದೇ ಮನುಷ್ಯ ಎಪ್ಪತ್ತೆಂಟರ ವಯಸ್ಸಿನಲ್ಲಿ, ಹಿಮದಲ್ಲಿ, ಪ್ರತಿ ಬುಧವಾರ ಎರಡು ಬಸ್ಸು ಬದಲಿಸಿ ಮಾರ್ಕಮ್‌ನ ನಮ್ಮ ಮನೆ ಹತ್ತಿರದ ಲೈಬ್ರರಿಗೆ ನನ್ನೊಬ್ಬಳಿಗಾಗಿ ಬರುತ್ತಿದ್ದರು. ಅಪ್ಪ ಕಾರು ತರುತ್ತೇನೆಂದರೆ ಬೇಡವೆನ್ನುತ್ತಿದ್ದರು. ಲೆಕ್ಕ ತಪ್ಪಾದರೆ ಪುಟದ ಮೇಲೆ ಅಡ್ಡಗೆರೆ, ಸರಿಯಾದರೆ “ಹೂಂ, ಮುಂದ.” ಮೂರು ತಿಂಗಳಲ್ಲಿ ಒಂದು ಸಲವೂ ಭೇಷ್ ಅನ್ನಲಿಲ್ಲ.

ಏಪ್ರಿಲಿನ ಮಿಡ್‌ಟರ್ಮಿನಲ್ಲಿ ತೊಂಬತ್ತಮೂರು ಬಂತು. ಮೇ ಮೊದಲ ವಾರ ಸೀಟಿನ ಇಮೇಲು. ಅಮ್ಮ, “ಮೊದಲು ಕಾಕಾಗೆ ಫೋನ್ ಮಾಡೇ,” ಅಂದಳು. ನಾನೇ ಎದುರಿಗೆ ಹೇಳುತ್ತೇನೆ, ಅಲ್ಲಿಯವರೆಗೆ ನೀವ್ಯಾರೂ ಬಾಯಿಬಿಡಬೇಡಿ ಅಂತ ಅಪ್ಪ ಅಮ್ಮ ಇಬ್ಬರಿಂದಲೂ ಮಾತು ತೆಗೆದುಕೊಂಡೆ. ಹೇಳುವ ಇರಾದೆ ನನಗಿರಲಿಲ್ಲ. ಕಾಯಲಿ, ಕಾಯುವುದು ಹೇಗಿರುತ್ತದೆಂದು ಅವರಿಗೂ ಗೊತ್ತಾಗಲಿ ಅನ್ನುವುದೇ ನನ್ನ ಲೆಕ್ಕವಾಗಿತ್ತು. ಶನಿವಾರ ಹೊಟ್ಟೆನೋವು ಅಂದೆ, ಮುಂದಿನ ಶನಿವಾರ ಇನ್ನೊಂದು ನೆಪ. ಅವರು ಎರಡು ಸಲ ಫೋನ್ ಮಾಡಿದರು. ಹೆಸರು ನೋಡಿ, ರಿಂಗಾಗಿ ನಿಲ್ಲುವವರೆಗೆ ಸುಮ್ಮನೆ ಕೂತಿದ್ದೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ?

ಮೂರನೆಯ ವಾರ ಗುರುವಾರ ಬೆಳಿಗ್ಗೆ ಸ್ಟ್ರೋಕ್ ಆಗಿ ಹೋಗಿಬಿಟ್ಟರು.

ಶನಿವಾರ ಸ್ಕಾರ್‌ಬರೋದ ಫ್ಯೂನರಲ್ ಹೋಮಿನಲ್ಲಿ ಅವರ ಹೆಂಡತಿ ಕಾಕು ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅವರ ಮಕ್ಕಳಿಬ್ಬರೂ ಬಂದವರಿಗೆಲ್ಲ ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳುತ್ತಿದ್ದರು. ನಾನು ನಮಸ್ಕಾರ ಮಾಡಿ ಸರಿಯುವಷ್ಟರಲ್ಲಿ ಕಾಕು ನನ್ನ ಕೈ ಹಿಡಿದುಕೊಂಡರು.

“ಸೀಟು ಸಿಕ್ತೇನವಾ ನಿನಗ? ಕಡೀತನಕಾ ಅದನ್ನs ಕೇಳ್ತಿದ್ರು. ‘ಆ ಹುಡುಗಿಗೆ ಬಂದಿಲ್ಲ ಕಾಣಸ್ತದ. ಅರವತ್ತೆಂಟಿದ್ರೂ ಇರವಲ್ದ್ಯಾಕ, ನಾ ಬಿಡಸಬಾರದಿತ್ತು, ಮಗೀನ ಜೀವನಾ ಹಾಳು ಮಾಡಿದೆ’ ಅಂತ. ಊಟಾನೂ ಸರಿ ಮಾಡ್ಲಿಲ್ಲ.”

ಇಮೇಲು ಬಂದು ಹತ್ತೊಂಬತ್ತು ದಿನವಾಗಿತ್ತು.

“ಸಿಕ್ತು ಕಾಕು,” ಅಂದೆ. “ನಿನ್ನೆ ಬಂತು.”

ಪಕ್ಕದಲ್ಲಿದ್ದ ಅಪ್ಪ ನನ್ನ ಮುಖ ನೋಡಲಿಲ್ಲ. ಕಾಕು ನನ್ನ ಕೈ ಬಿಟ್ಟು, ಕುರ್ಚಿಯ ತೋಳು ಹಿಡಿದು ಮೆಲ್ಲಗೆ ಎದ್ದು, ಪೆಟ್ಟಿಗೆಯ ಮೇಲೆ ಬಗ್ಗಿದರು.

“ಬಂತಂತ್ರೀ,” ಅಂದರು. “ಒಂದು ದಿನ ತಡದಿದ್ರ ನಿಮಗೂ ಗೊತ್ತಾಗ್ತಿತ್ತು.”